ಬೇಟೆ ರೈಫಲ್‌ಗೆ ಸಪ್ರೆಸರ್: ಕಿವಿಗೆ ಎಷ್ಟು ರಕ್ಷಣೆ? ಬೆಂಗಳೂರಿಗೆ ತರಬಹುದಾ?

ಬಸವನಗುಡಿ_ಬುಲ್ಸ್‌ಐ:
ಎಲ್ಲರಿಗೂ ನಮಸ್ಕಾರ. ಏಪ್ರಿಲ್‌ನಲ್ಲಿ ನ್ಯೂಜಿಲೆಂಡಿಗೆ ಅಣ್ಣನ ಮನೆಗೆ ಹೋಗುತ್ತಿದ್ದೇನೆ. ಅವನಿಗೆ ಅಲ್ಲಿ ಲೈಸೆನ್ಸ್ ಇದೆ, ಕೆಂಪು ಜಿಂಕೆ ಬೇಟೆಗೆ .308 ಬೋಲ್ಟ್ ರೈಫಲ್ ಬಳಸುತ್ತಾನೆ, ಮೂತಿಗೆ ಸಪ್ರೆಸರ್ (ಸದ್ದು ತಗ್ಗಿಸುವ ಕೊಳವೆ) ಹಾಕಿರುತ್ತಾನೆ. ನಾನು ಇಲ್ಲಿ .22 ಮಾತ್ರ ಹಾರಿಸುವವನು. ಸಪ್ರೆಸರ್ ಇದ್ದರೆ ಕಿವಿಗೆ ಬೇರೆ ಏನೂ ಬೇಡವಾ? ಗುರಿ ಬದಲಾಗುತ್ತದಾ? ವಾಪಸ್ ಬರುವಾಗ ಒಂದು ತಂದು ಇಲ್ಲಿನ ರೇಂಜ್‌ನಲ್ಲಿ ಬಳಸಬಹುದಾ?

ನಳಿಗೆ_ನೋಟ:
ಮೊದಲು ಸದ್ದಿನ ಲೆಕ್ಕ. ಸಪ್ರೆಸರ್ ಇಲ್ಲದ .308 ಹಾರಿದರೆ 160ರಿಂದ 170 ಡೆಸಿಬಲ್. ಒಂದೇ ಹೊಡೆತದ ಸದ್ದಿಗೆ 140 ಡೆಸಿಬಲ್ ಅಪಾಯದ ಗೆರೆ ಎಂದು ಇಟ್ಟುಕೊಂಡಿದ್ದಾರೆ. ಒಳ್ಳೆಯ ಸಪ್ರೆಸರ್ 20ರಿಂದ 35 ಡೆಸಿಬಲ್ ಇಳಿಸುತ್ತದೆ, ಅಂದರೆ ನೀವು ಬಂದು ನಿಲ್ಲುವುದು ಆ ಗೆರೆಯ ಆಚೀಚೆ ಅಷ್ಟೇ. ಸಿನಿಮಾದಲ್ಲಿ ಕೇಳಿಸುವ "ಪುಸ್" ಇಲ್ಲಿ ಇಲ್ಲವೇ ಇಲ್ಲ.

ಯಾಕೆಂದರೆ ಸದ್ದು ಎರಡು ಕಡೆಯಿಂದ ಹುಟ್ಟುತ್ತದೆ. ಮೂತಿಯಿಂದ ನುಗ್ಗುವ ಬಿಸಿ ಅನಿಲದ ಸ್ಫೋಟ ಒಂದು. ಸಪ್ರೆಸರ್ ಒಳಗಿನ ಬ್ಯಾಫಲ್‌ಗಳು, ಅಂದರೆ ನಡುವೆ ತೂತಿರುವ ಅಡ್ಡ ತಡೆಗಳು, ಆ ಅನಿಲವನ್ನು ತಡೆದು, ತಣಿಸಿ, ನಿಧಾನಕ್ಕೆ ಹೊರಬಿಡುತ್ತವೆ. ಇನ್ನೊಂದು ಗುಂಡಿನದೇ ಸದ್ದು. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್, .308 ಗುಂಡು ಹೊರಡುವುದು 800ರ ಮೇಲೆ. ದಾರಿಯುದ್ದಕ್ಕೂ ಅದು ಎಬ್ಬಿಸುವ "ಚಟ್" ಸದ್ದನ್ನು ಯಾವ ಸಪ್ರೆಸರ್ ಕೂಡ ಮುಟ್ಟಲಾರದು. ನಿಧಾನದ ಸಬ್‌ಸಾನಿಕ್ ತೋಟಾ ಹಾಕಿದರೆ ಆ ಸದ್ದು ಹೋಗುತ್ತದೆ, ಆದರೆ ಶಕ್ತಿ 3,200 ಜೂಲ್‌ನಿಂದ 700ಕ್ಕೂ ಕೆಳಗೆ ಬೀಳುತ್ತದೆ. ಅಷ್ಟರಲ್ಲಿ ಜಿಂಕೆಗೆ ಹೊಡೆಯುವುದು ಪ್ರಾಣಿಗೆ ನರಕ. ದಯವಿಟ್ಟು ಬೇಡ.

ಬೋಲ್ಟ್_ಆಕ್ಷನ್:
ಗುರಿ ಬದಲಾಗೇ ಆಗುತ್ತದೆ. ಬ್ಯಾರೆಲ್ ತುದಿಗೆ 300ರಿಂದ 500 ಗ್ರಾಂ ತೂಕ ಬಿದ್ದ ಮೇಲೆ ಅದು ಅದುರುವ ರೀತಿಯೇ ಬೇರೆ. 100 ಮೀಟರಿಗೆ ಗುಂಡು ಕೆಲವು ಸೆಂಟಿಮೀಟರ್ ಸರಿಯುತ್ತದೆ, ಸಾಮಾನ್ಯವಾಗಿ ಕೆಳಕ್ಕೆ. ಬೇಟೆಗೆ ಹೇಗೆ ಒಯ್ಯುತ್ತೀರೋ ಹಾಗೇ, ಸಪ್ರೆಸರ್ ಹಾಕಿಕೊಂಡೇ ಝೀರೋ ಮಾಡಿ, ಅಂದರೆ ಗುಂಡು ಬೀಳುವ ಜಾಗಕ್ಕೆ ಸ್ಕೋಪ್ ಹೊಂದಿಸಿ. ಆಮೇಲೆ ಬಿಚ್ಚಿ ಹಾರಿಸಿದರೆ ಆ ಝೀರೋ ನಂಬುವ ಹಾಗಿಲ್ಲ.

ನಿಜವಾದ ಅಪಾಯ ಥ್ರೆಡ್‌ನಲ್ಲಿದೆ, ಅಂದರೆ ಸಪ್ರೆಸರ್ ತಿರುಗಿಸಿ ಕೂರಿಸುವ ಸುರುಳಿ ಗೆರೆಗಳಲ್ಲಿ. ಎಂ14×1, ಎಂ15×1, ಅರ್ಧ ಇಂಚು ದಪ್ಪದಲ್ಲಿ ಇಂಚಿಗೆ 28 ಸುತ್ತು, 5/8 ಇಂಚು ದಪ್ಪದಲ್ಲಿ ಇಂಚಿಗೆ 24 ಸುತ್ತು, ಹೀಗೆ ಹಲವು ಅಳತೆಗಳಿವೆ. ಬ್ಯಾರೆಲ್ ಮೇಲಿನ ಅಳತೆ ಮತ್ತು ಸಪ್ರೆಸರ್ ಅಳತೆ ಒಂದೇ ಇರಬೇಕು. ಎರಡು ಸುತ್ತು ತಿರುಗಿ ಬಿಗಿಯಾದರೆ ಬಲ ಹಾಕಬೇಡಿ, ಅದು ತಪ್ಪು ಜೋಡಿ. ಅಳತೆ ಸರಿಯಿದ್ದರೂ ಥ್ರೆಡ್ ಅನ್ನು ಓರೆಯಾಗಿ ಕತ್ತರಿಸಿದ್ದರೆ ಕಷ್ಟ. 20 ಸೆಂ.ಮೀ. ಉದ್ದದ ಸಪ್ರೆಸರ್ ಬರೀ ಅರ್ಧ ಡಿಗ್ರಿ ವಾಲಿದರೆ ತುದಿ 1.75 ಮಿ.ಮೀ. ಪಕ್ಕಕ್ಕೆ ಹೋಗುತ್ತದೆ. ಗುಂಡಿನ ಸುತ್ತ ಇರುವ ಜಾಗ ಅಷ್ಟಿರುವುದಿಲ್ಲ. ಗುಂಡು ಬ್ಯಾಫಲ್‌ಗೆ ಉಜ್ಜುತ್ತದೆ, ಗುರಿ ಚೆಲ್ಲಾಪಿಲ್ಲಿ, ಕೆಟ್ಟ ದಿನವಾದರೆ ತುದಿಯ ಮುಚ್ಚಳವೇ ಕಿತ್ತು ಹಾರುತ್ತದೆ. ರೈಫಲ್ ಖಾಲಿ ಮಾಡಿ, ಬೋಲ್ಟ್ ಪೂರ್ತಿ ಹೊರತೆಗೆದು, ಹಿಂದಿನಿಂದ ಬ್ಯಾರೆಲ್ ಒಳಗೆ ನೋಡಿ: ಎರಡು ವೃತ್ತಗಳು, ಒಂದರ ನಟ್ಟನಡುವೆ ಇನ್ನೊಂದು ಕಾಣಬೇಕು. ಒಂದು ಪಕ್ಕ ಕಪ್ಪು ಅಂಚು ದಪ್ಪ, ಇನ್ನೊಂದು ಪಕ್ಕ ತೆಳುವಾಗಿ ಕಂಡರೆ ಹಾರಿಸಬೇಡಿ. ಬ್ಯಾರೆಲ್ ಒಳಗಿಂದ ತೂರಿಸಿ ನೋಡುವ ನೇರ ಸರಳು, ಅಲೈನ್‌ಮೆಂಟ್ ರಾಡ್, ಇದ್ದರೆ ಇನ್ನೂ ಖಚಿತ.

ಅದಿರಿ ಅದಿರಿ ಸಡಿಲವಾಗುವುದೂ ಉಂಟು, ಅದರಿಂದಲೂ ಇದೇ ಗತಿ. ಮೂರು ನಾಲ್ಕು ಗುಂಡಿಗೊಮ್ಮೆ ತಿರುಗಿಸಿ ನೋಡಿ, ಗ್ಲೌಸ್ ಹಾಕಿಕೊಂಡೇ. ಐದಾರು ಗುಂಡು ಬೇಗ ಬೇಗ ಹಾರಿಸಿದರೆ ಮುಟ್ಟಲಾಗದಷ್ಟು ಕಾಯುತ್ತದೆ, ಸ್ಕೋಪ್ ಮುಂದೆ ಡಾಂಬರು ರಸ್ತೆಯ ಬಿಸಿಲಿನ ಹಾಗೆ ಗಾಳಿ ಕುಣಿಯುತ್ತದೆ. ಬೇಟೆಯಲ್ಲಿ ಒಂದೆರಡೇ ಗುಂಡು, ಅಲ್ಲಿ ಇದು ಬಾಧಿಸದು.

ಸಂಜೆ ಮರೆಯದೆ ಬಿಚ್ಚಿಡಿ. ಮದ್ದು ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ. ತಣಿದಾಗ ಅದು ಮಸಿಯೊಂದಿಗೆ ಸೇರಿ ರಾತ್ರಿಯಿಡೀ ಥ್ರೆಡ್ ಮತ್ತು ಬ್ಯಾರೆಲ್ ಮೂತಿಯನ್ನು ತಿನ್ನುತ್ತದೆ. ಥ್ರೆಡ್ ಒರೆಸಿ ಎಣ್ಣೆ ಸವರಿ, ಸಪ್ರೆಸರ್ ಅನ್ನು ಬೇರೆಯಾಗಿ ಗಾಳಿಗೆ ನಿಲ್ಲಿಸಿಡಿ.

ಬಸವನಗುಡಿ_ಬುಲ್ಸ್‌ಐ:
ತುಂಬಾ ಥ್ಯಾಂಕ್ಸ್ ಸರ್. ಇಲ್ಲಿಗೆ ತರುವ ವಿಷಯ?

ಕಲಂ_ಓದುಗ:
ತರಬೇಡಿ, ಬ್ಯಾಗಿನಲ್ಲೂ ಬೇಡ, ಆನ್‌ಲೈನ್ ಆರ್ಡರ್ ಕೂಡ ಬೇಡ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಕಲಂ 2ರಲ್ಲಿ "ಬಂದೂಕು" ಎಂಬುದರ ವ್ಯಾಖ್ಯೆಯೊಳಗೇ ಸದ್ದು ಅಥವಾ ಬೆಂಕಿಯ ಮಿಂಚು ತಗ್ಗಿಸುವ ಸಾಧನವನ್ನು ಸೇರಿಸಿದ್ದಾರೆ. ಕಾನೂನಿನ ಕಣ್ಣಿಗೆ ಆ ಖಾಲಿ ಕೊಳವೆಯೇ ಒಂದು ಬಂದೂಕು. ಇಟ್ಟುಕೊಳ್ಳಲು ಕಲಂ 3, ಆಮದಿಗೆ ಕಲಂ 10, ಎರಡಕ್ಕೂ ಲೈಸೆನ್ಸ್ ಬೇಕು. ನಿಮ್ಮ ರೈಫಲ್ ಲೈಸೆನ್ಸ್ ಇದಕ್ಕೆ ಅನ್ವಯಿಸುವುದಿಲ್ಲ. ಬೇಟೆ ಎಂಬ ಕಾರಣವೂ ಇಲ್ಲಿ ನಿಲ್ಲದು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಲಂ 9 ಬೇಟೆಯನ್ನು ನಿಷೇಧಿಸಿದೆ. ನ್ಯೂಜಿಲೆಂಡಿನಲ್ಲಿ ಸಪ್ರೆಸರ್ ಬಳಕೆ ಸಾಮಾನ್ಯ. ಅಲ್ಲಿ ಸುಲಭವಾಗಿ ಸಿಗುತ್ತದೆ ಅನ್ನುವುದೇ ನಮ್ಮವರನ್ನು ಕಸ್ಟಮ್ಸ್‌ನಲ್ಲಿ ಸಿಕ್ಕಿಹಾಕಿಸುವ ವಿಷಯ. ಇನ್ನೊಂದು ಮಾತು, ಅಲ್ಲಿ ಲೈಸೆನ್ಸ್ ಇಲ್ಲದ ನೀವು ಹಾರಿಸುವಾಗ ಅಣ್ಣ ಕೈಗೆಟಕುವಷ್ಟು ಪಕ್ಕದಲ್ಲೇ ಇರಬೇಕು. ಅವರ ನಿಯಮ ಕೇಳುವುದು ನೇರ ಉಸ್ತುವಾರಿ, ದೂರದಿಂದ ನೋಡುವುದಲ್ಲ.

ಕಿವಿ_ಜೋಪಾನ:
ಕಿವಿಯ ವಿಷಯ ಉಳಿಯಿತು. ಸಪ್ರೆಸರ್ ಇದ್ದರೂ ಪ್ಲಗ್ ಹಾಕಿ. ಎಸ್.ಪಿ. ರಸ್ತೆ, ಎಸ್.ಜೆ.ಪಿ. ರಸ್ತೆ ಕಡೆಯ ಸೇಫ್ಟಿ ಸಾಮಾನಿನ ಅಂಗಡಿಗಳಲ್ಲಿ ಫೋಮ್ ಪ್ಲಗ್, ಇಯರ್ ಮಫ್ ಎರಡೂ ಸಿಗುತ್ತವೆ. ಪ್ಲಗ್ ಅನ್ನು ಬೆರಳಲ್ಲಿ ಹೊಸೆದು ಬತ್ತಿಯಷ್ಟು ಸಣ್ಣ ಮಾಡಿ, ಇನ್ನೊಂದು ಕೈಯನ್ನು ತಲೆ ಮೇಲಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗೆ ತೂರಿಸಿ, ಉಬ್ಬುವ ತನಕ 20-30 ಸೆಕೆಂಡ್ ಒತ್ತಿ ಹಿಡಿಯಿರಿ. ಕನ್ನಡಿಯಲ್ಲಿ ಎದುರಿನಿಂದ ನೋಡಿದಾಗ ಪ್ಲಗ್ ಹೊರಗೆ ಚಾಚಿಕೊಂಡಿದ್ದರೆ ಅದು ಒಳಗೆ ಹೋಗೇ ಇಲ್ಲ.

ಇಲ್ಲಿನ ಒಳಾಂಗಣ ರೇಂಜ್‌ನಲ್ಲಿ ಗೋಡೆ, ಚಾವಣಿಗೆ ಬಡಿದ ಸದ್ದು ತಿರುಗಿ ಬರುತ್ತದೆ, ಅಲ್ಲಿ ಪ್ಲಗ್ ಮೇಲೆ ಮಫ್ ಎರಡೂ ಇರಲಿ. ಎಷ್ಟು ಡೆಸಿಬಲ್ ತಡೆಯುತ್ತವೆ ಎಂಬ ಎರಡು ರೇಟಿಂಗ್ ಕೂಡಿಸಬೇಡಿ. 33 ಮತ್ತು 25 ಸೇರಿ 58 ಆಗುವುದಿಲ್ಲ, ಹೆಚ್ಚಿನದಕ್ಕೆ ಇನ್ನೊಂದು 5 ಡೆಸಿಬಲ್ ಸಿಕ್ಕೀತು. ಕನ್ನಡಕದ ಕಡ್ಡಿ ಮಫ್ ಮೆತ್ತೆಯನ್ನು ಎತ್ತಿದರೆ ಅಲ್ಲಿಂದ ಸದ್ದು ಸೋರುತ್ತದೆ.

ಬಲಗೈಯವರಿಗೆ ಹೆಚ್ಚು ಪೆಟ್ಟು ಎಡಗಿವಿಗೆ, ಅದು ಮೂತಿಯ ಕಡೆ ತಿರುಗಿರುತ್ತದೆ. ಹೋಗುವ ಮೊದಲೊಮ್ಮೆ, ಬಂದ ಮೇಲೊಮ್ಮೆ ಆಡಿಯೋಗ್ರಾಂ (ಕೇಳುವ ಶಕ್ತಿಯ ಪರೀಕ್ಷೆಯ ನಕ್ಷೆ) ಮಾಡಿಸಿ. ಲಿಂಗರಾಜಪುರದ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾಡುತ್ತಾರೆ. 4,000 ಹರ್ಟ್ಜ್ ಸುತ್ತ ಗೆರೆ ಗುಳಿ ಬಿದ್ದಿದೆಯಾ ಎಂದು ಕೇಳಿ. ಪರೀಕ್ಷೆಗೆ ಮುಂಚೆ 14 ಗಂಟೆ ರೇಂಜ್ ಬೇಡ, ಹೆಡ್‌ಫೋನ್ ಬೇಡ. ಇಲ್ಲದಿದ್ದರೆ ದಣಿದ ಕಿವಿಯ ಅಳತೆಯೇ ನಿಮ್ಮ ಮೊದಲ ದಾಖಲೆಯಾಗಿ ಕೂರುತ್ತದೆ.