30 ಅಡಿಯ ಪೋಲ್ ಬಗ್ಗುತ್ತದೆ, ಗಾಜಿನ ಮೇಲೆ ಬಿಳಿ ಚುಕ್ಕಿ ಉಳಿಯುತ್ತದೆ: ಕಾರ್ಬನ್ ತಗೊಳ್ಳಬೇಕಾ?

ಪ್ರಶ್ನೆ: ಬೆಂಗಳೂರಿನಲ್ಲಿ ಕಿಟಕಿ ಗಾಜು ತೊಳೆಯುವ ಕೆಲಸ, ಹೆಚ್ಚಾಗಿ ಮೂರು ಅಂತಸ್ತಿನ ಕಟ್ಟಡಗಳು. ಮೇಲಿನ ಗಾಜು ಸುಮಾರು 30 ಅಡಿ ಎತ್ತರದಲ್ಲಿದೆ. ನೆಲದಲ್ಲೇ ನಿಂತು, ತುದಿಯ ಬ್ರಷ್‌ನಿಂದ ನೀರು ಬರುವ ಉದ್ದದ ಪೋಲಿನಲ್ಲಿ ತೊಳೆಯುತ್ತೇನೆ. 30 ಅಡಿಯ ಅಲ್ಯೂಮಿನಿಯಂ ಪೋಲ್ ಪೂರ್ತಿ ಎಳೆದರೆ ತುದಿ ತೂಗಾಡುತ್ತದೆ, ಬ್ರಷ್ ಗಾಜಿಗೆ ಒತ್ತುವುದಿಲ್ಲ. ಬೋರ್‌ವೆಲ್ ನೀರು ಆರ್‌ಒ ಫಿಲ್ಟರ್ ದಾಟಿದ ಮೇಲೆ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣದ ಅಳತೆ) 35. ಒಣಗಿದರೆ ಬಿಳಿ ಚುಕ್ಕಿ. ಕಾರ್ಬನ್ ಫೈಬರ್ ಪೋಲ್ ತಗೊಂಡರೆ ಎರಡೂ ಸರಿಹೋಗುತ್ತವೆಯೇ?

ಉತ್ತರ 1: ತೂಗಾಟ ಕಡಿಮೆಯಾಗುತ್ತದೆ, ಚುಕ್ಕಿ ಹೋಗುವುದಿಲ್ಲ. ಈ ವಿಧಾನದಲ್ಲಿ ಗಾಜು ಒರೆಸುವುದಿಲ್ಲವಲ್ಲ, ನೀರು ತಾನಾಗಿ ಆರಬೇಕು. ಅದರಲ್ಲಿ ಕರಗಿದ ಲವಣವೆಲ್ಲ ಗಾಜಿನ ಮೇಲೇ ಉಳಿಯುತ್ತದೆ. ಟಿಡಿಎಸ್ 10ಕ್ಕಿಂತ ಕೆಳಗಿರಬೇಕು, ಸೊನ್ನೆಗೆ ಹತ್ತಿರವಿದ್ದಷ್ಟು ಒಳ್ಳೆಯದು. ಆರ್‌ಒ ನಂತರ ಒಂದು ಡಿಐ ರೆಸಿನ್ (ಉಳಿದ ಲವಣವನ್ನು ಹಿಡಿದಿಟ್ಟುಕೊಳ್ಳುವ ಸಣ್ಣ ಮಣಿಗಳು) ಸಿಲಿಂಡರ್ ಜೋಡಿಸಿ. ಬೋರ್ ನೀರನ್ನು ನೇರವಾಗಿ ರೆಸಿನ್‌ಗೆ ಬಿಡಬೇಡಿ, ಬಹಳ ಬೇಗ ಮುಗಿದುಹೋಗುತ್ತದೆ. ಟಿಡಿಎಸ್ ಮೀಟರನ್ನು ಟ್ಯಾಂಕಿನಲ್ಲಿ ಅದ್ದಿ ಸುಮ್ಮನಾಗಬೇಡಿ. ಬ್ರಷ್‌ನಿಂದ ಬರುವ ನೀರನ್ನು ಲೋಟದಲ್ಲಿ ಹಿಡಿದು ನೋಡಿ.

ಪೋಲ್ ಉದ್ದದ ಲೆಕ್ಕ ಹೀಗೆ: ಕೈ ಇರುವ ಎತ್ತರ 5 ಅಡಿ ಕಳೆದರೆ ನೇರಕ್ಕೆ 25 ಅಡಿ. 70 ಡಿಗ್ರಿ ಓರೆಯಲ್ಲಿ ಅದು 26.5 ಅಡಿ ದಾಟುತ್ತದೆ. ಕೈಯ ಕೆಳಗಿನ ತುಂಡು ಸೇರಿಸಿದರೆ 31 ಅಡಿ. ಅಂದರೆ ನಿಮ್ಮ ಪೋಲ್ ಚಿಕ್ಕದು. ಕೊನೆಯವರೆಗೂ ಎಳೆದ ಯಾವ ಪೋಲ್ ಆದರೂ ಬಗ್ಗುತ್ತದೆ. 35 ಅಡಿಯ ಕಾರ್ಬನ್ ನೋಡಿ. ಅಂಗಡಿಯಲ್ಲಿ ತೂಕವನ್ನಷ್ಟೇ ಕೇಳಬೇಡಿ, ಬ್ರಷ್ ಹಾಕಿ ಪೂರ್ತಿ ಎತ್ತಿಸಿ ನೋಡಿ. ಎರಡನೇ ಮಹಡಿಯ ಕೆಳಗಷ್ಟೇ ಕೆಲಸವಿದ್ದರೆ ಗ್ಲಾಸ್ ಫೈಬರ್ ಸಾಕು.

ಉತ್ತರ 2: ಕರೆಂಟ್ ವಿಷಯ ಬಿಟ್ಟುಹೋಗಿದೆ. ಕಾರ್ಬನ್ನಿನಲ್ಲೂ ಅಲ್ಯೂಮಿನಿಯಂನಲ್ಲೂ ವಿದ್ಯುತ್ ಹರಿಯುತ್ತದೆ. ಗ್ಲಾಸ್ ಫೈಬರ್ ಕೂಡ ಒದ್ದೆಯಾದಾಗ, ಒಳಗೆ ನೀರಿನ ಪೈಪ್ ಇರುವಾಗ ನಂಬುವಂತಿಲ್ಲ. ಗೋಡೆಯ ಪಕ್ಕ ತಂತಿ ಹಾದಿದ್ದರೆ ಅಲ್ಲಿ ಪೋಲ್ ಎತ್ತಲೇಬೇಡಿ. ಪೋಲ್ ಬೀಳುವ ದಾರಿಯನ್ನೂ ಲೆಕ್ಕಕ್ಕೆ ತಗೊಳ್ಳಿ.

ಪ್ರಶ್ನೆ: ರೆಸಿನ್ ಹಾಕಿದೆ, ಟಿಡಿಎಸ್ 1. ಈಗ ಗಾಜಿನ ಮೇಲ್ಭಾಗದಿಂದ ಮಾತ್ರ ಗೆರೆ ಇಳಿಯುತ್ತಿದೆ.

ಉತ್ತರ 1: ಅದು ಚೌಕಟ್ಟಿನ ಕೊಳೆ. ಮೊದಲು ಮೇಲಿನ ಚೌಕಟ್ಟು ಉಜ್ಜಿ, ನೀರು ಸೋರಿ ನಿಲ್ಲಲಿ, ಆಮೇಲೆ ಗಾಜು. ಕೊನೆಗೆ ಬ್ರಷ್ಷನ್ನು ಗಾಜಿನಿಂದ ಎರಡಿಂಚು ದೂರ ಹಿಡಿದು ಮೇಲಿಂದ ಕೆಳಗೆ ನೀರು ಬಿಡಿ, ಚೌಕಟ್ಟಿಗೆ ಮತ್ತೆ ತಾಗಿಸಬೇಡಿ. ಎತ್ತರದಲ್ಲಿ ಧಾರೆ ಸಣ್ಣಗಾದರೆ ಪಂಪ್ ಸ್ವಲ್ಪ ಏರಿಸಿ. ಪ್ರತಿ 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಒತ್ತಡ ಇಳಿಯುತ್ತದೆ. ಅದಕ್ಕೂ ಮೊದಲು ಪೋಲಿನ ಬುಡದಲ್ಲಿ ಪೈಪ್ ಮಡಚಿಕೊಂಡಿದೆಯೇ ನೋಡಿ.