ಅಪ್ಪನಿಗೆ ಜೊತೆಗಿರ್ಲಿ ಅಂತ ನಾಯಿ ತಂದುಕೊಟ್ರೆ ಹೇಗೆ? ಸಾಕಿರೋರು ಹೇಳಿ

ಮೈಸೂರ್_ಮಗ

ನಮಸ್ಕಾರ ಎಲ್ರಿಗೂ. ಅಮ್ಮ ಹೋಗಿ ಒಂದೂವರೆ ವರ್ಷ ಆಯ್ತು, ಅಪ್ಪ ಮೈಸೂರಲ್ಲಿ ಕುವೆಂಪುನಗರದ ಮನೇಲಿ ಒಬ್ರೇ ಇದಾರೆ, ವಯಸ್ಸು 66, ಬೆಂಗಳೂರಿಗೆ ಬನ್ನಿ ಅಂದ್ರೆ ಆ ಟ್ರಾಫಿಕ್ ನೀನೇ ಇಟ್ಕೋ ಅಂತಾರೆ. ಮೊದ್ಲೆಲ್ಲ ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಒಂದು ಸುತ್ತು ಹಾಕ್ಕೊಂಡು ಬರ್ತಿದ್ರು, ಈಗ ಟಿವಿ ಮುಂದೆ ಕೂತ್ರೆ ಏಳೋದೇ ಇಲ್ಲ. ಫೋನ್ ಮಾಡಿದ್ರೆ "ಊಟ ಆಯ್ತು, ನಿಂದಾಯ್ತಾ" ಅಲ್ಲಿಗೆ ಮುಗೀತು, ಎರಡು ನಿಮಿಷ. ಕೊಲೀಗ್ ಒಬ್ರು ಒಂದು ನಾಯಿ ತಂದುಕೊಡು ಸರಿ ಹೋಗ್ತಾರೆ ಅಂದ್ರು. ನಮ್ಮನೇಲಿ ಯಾವತ್ತೂ ನಾಯಿ ಸಾಕಿಲ್ಲ, ಅಮ್ಮಂಗೆ ಮಡಿ ಗಿಡಿ ಅಂತ ಇತ್ತು. ನಿಜವಾಗ್ಲೂ ಏನಾದ್ರೂ ಉಪಯೋಗ ಆಗುತ್ತಾ ಇಲ್ಲಾ ಸುಮ್ನೆ ಅವ್ರಿಗೊಂದು ತಲೆನೋವು ತಂದಿಟ್ಟಂಗೆ ಆಗುತ್ತಾ? ತಂದ್ರೆ ನಮ್ಮ ಕರ್ನಾಟಕದ್ದೇ ಮುಧೋಳ ಮರಿ ತರೋಣ ಅಂತ ಆಸೆ ಇದೆ.

ಪುಟ್ಟಿಯಮ್ಮ

ತನ್ನಿ ತನ್ನಿ, ಯೋಚ್ನೆ ಮಾಡ್ತಾ ಕೂತ್ರೆ ಆಗಲ್ಲ ಇದು. ನಮ್ಮ ರೋಡಲ್ಲಿ ಆರು ವರ್ಷ ಇದ್ವಿ ಎದುರುಮನೆಯವ್ರ ಹೆಸ್ರೂ ಗೊತ್ತಿರ್ಲಿಲ್ಲ, ಪುಟ್ಟಿ ಬಂದ ಮೂರು ತಿಂಗಳಿಗೆ ಇಸ್ತ್ರಿ ಅಂಗಡಿಯೋನಿಂದ ಹಿಡಿದು ಹೂವಿನ ಅಜ್ಜಿ ತನಕ ಎಲ್ರೂ ನನ್ನ "ಪುಟ್ಟಿಯಮ್ಮ" ಅಂತ ಕರೆಯೋಕೆ ಶುರು ಮಾಡಿದ್ರು, ನನ್ನ ನಿಜವಾದ ಹೆಸರು ಈಗ್ಲೂ ಅವ್ರಿಗೆ ಗೊತ್ತಿಲ್ಲ. ಬೀದಿಲಿ ಸಿಕ್ಕಿದ ನಾಟಿ ನಾಯಿ ಅದು, ಬ್ರೀಡು ಗೀಡು ಏನಿಲ್ಲ. ಬೆಳಿಗ್ಗೆ 5:40ಕ್ಕೆ ಒದ್ದೆ ಮೂಗು ತಂದು ಕೈಗೆ ಒತ್ತುತ್ತೆ, ಭಾನುವಾರ ಅಂತಿಲ್ಲ ಹಬ್ಬ ಅಂತಿಲ್ಲ, ನೀವು ಏಳ್ಲೇಬೇಕು. ಮಧ್ಯಾಹ್ನ ಕುಕ್ಕರ್ ಮೂರನೇ ವಿಷಲ್ ಹೊಡೆದ್ರೆ ಅಡುಗೆಮನೆ ಬಾಗಿಲಲ್ಲಿ ಹಾಜರು, ಎರಡಕ್ಕೆ ಬರಲ್ಲ, ಹೇಗೆ ಎಣಿಸುತ್ತೋ ದೇವ್ರಿಗೇ ಗೊತ್ತು. ನಮ್ಮ ಮಾವನವ್ರು ರಿಟೈರ್ ಆದ್ಮೇಲೆ ಮನೇಲಿ ಯಾರ ಜೊತೆನೂ ಮಾತಾಡ್ತಿರ್ಲಿಲ್ಲ, ಈಗ ಪೇಪರ್ ಓದಿ ಪೂರ್ತಿ ರಾಜಕೀಯ ಇದಕ್ಕೆ ಹೇಳ್ತಾರೆ, ಇದೂ ಕಿವಿ ಎತ್ಕೊಂಡು ಕೇಳುತ್ತೆ, ನಾವಾದ್ರೆ ಎದ್ದು ಹೋಗ್ತಿದ್ವಿ :)

ಬಯಲುಸೀಮೆ_ರೈತ

ಅಣ್ಣಾರ, ಮುಧೋಳ ಮರಿ ಅಂದ್ರಲ್ಲ ಅದಕ್ಕ ಬರಿಯಾಕತ್ತೀನಿ. ನಮ್ಮದು ಬಾಗಲಕೋಟಿ ಕಡೆ, ಹೊಲದಾಗ ಎರಡು ಅದಾವು. ನಾಯಿ ಬಗ್ಗೆ ಎರಡು ಮಾತಿಲ್ರೀ, ಘೋರ್ಪಡೆ ರಾಜರು ಇಂಗ್ಲೆಂಡಿನ ಐದನೇ ಜಾರ್ಜ್‌ಗ ಕೊಟ್ಟಿದ್ರು, 2005ರಾಗ ಅಂಚೆ ಚೀಟಿ ಮ್ಯಾಲೆ ಬಂತು, 2016ರಾಗ ಮಿಲಿಟರಿಯವ್ರು ಮೀರತ್‌ಗೆ ಒಯ್ದ್ರು. ತಿಮ್ಮಾಪುರದಾಗ ಇದಕ್ಕಂತನ ಸರ್ಕಾರಿ ಕೇಂದ್ರ ಐತಿ. ಆದ್ರ ಅದು ಬೇಟಿ ನಾಯಿ, ಮೊಲದ ಬೆನ್ನ ಹತ್ತಾಕ ಹುಟ್ಟಿದ್ದು. ಕಣ್ಣಿಗೆ ಓಡೂದು ಏನರ ಬಿತ್ತಂದ್ರ ಹೋತು, ನೀವು ಹಿಂದ ನಿಂತು ಎಷ್ಟ ಒದರಿದ್ರೂ ಕೇಳೂದಿಲ್ಲ. ನಿಮ್ಮ ಅಪ್ಪಾಜಿ ಕೈಯಾಗ ಬೆಲ್ಟ್ ಇದ್ದಾಗ ಎದುರಿಗೆ ಬೆಕ್ಕು ಹಾದ್ರ ಅವ್ರನ್ನೂ ಎಳಕೊಂಡ ಹೋಗ್ತದ. ಸಿಟಿ ಮನಿಯಾಗ ಕಟ್ಟಿಹಾಕಿ ಸಾಕೂದಾದ್ರ ದಯಮಾಡಿ ಬ್ಯಾಡ್ರೀ, ಅದಕ್ಕೂ ಶಿಕ್ಷಾ ನಿಮಗೂ ಶಿಕ್ಷಾ.

ಕಹಿ_ಬೇವು

ಎಲ್ರೂ ಖುಷಿಯಾಗಿ ಬರೀತಿದೀರ ನಾನು ಸ್ವಲ್ಪ ಕಹಿ ಹೇಳ್ತೀನಿ, ಬೇಜಾರಾಗ್ಬೇಡಿ. ಮರಿ ತಂದ್ರೆ ಅದು 12-14 ವರ್ಷ ಇರುತ್ತೆ, ಅಂದ್ರೆ ಅಪ್ಪನಿಗೆ 80 ಆಗೋ ತನಕ. ಮಧ್ಯೆ ಅವ್ರಿಗೆ ಹುಷಾರಿಲ್ದೇ ಆದ್ರೆ ನಾಯಿ ಯಾರ ಮನೆಗೆ? ನಿಮ್ಮನೆಗೇ. ಅದಕ್ಕೆ ನೀವು, ನಿಮ್ಮ ಮನೆಯವ್ರು ರೆಡಿ ಇಲ್ಲ ಅಂದ್ರೆ ತರ್ಬೇಡಿ. ತರೋದಾದ್ರೆ ಮರಿ ಬೇಡ, ರಾತ್ರಿಯೆಲ್ಲ ಕುಂಯ್ ಅನ್ನುತ್ತೆ, ಚಪ್ಪಲಿ ಕಚ್ಚುತ್ತೆ, ನೆಲ ಒರೆಸಿ ಒರೆಸಿ ಸೊಂಟ ಹೋಗುತ್ತೆ. ನಾಲ್ಕೈದು ವರ್ಷದ್ದು, ಶಾಂತ ಸ್ವಭಾವದ ನಾಟಿ ನಾಯಿ ಶೆಲ್ಟರ್‌ಗಳಲ್ಲಿ ಎಷ್ಟೋ ಕಾಯ್ತಾ ಇರ್ತವೆ.

ಉಪಯೋಗದ ಬಗ್ಗೆ ಕೇಳಿದ್ರಿ. ಸ್ವೀಡನ್ನಲ್ಲಿ ಸುಮಾರು 34 ಲಕ್ಷ ಜನರ ದಾಖಲೆ ನೋಡಿ 2017ರಲ್ಲಿ ಒಂದು ಸ್ಟಡಿ ಬಂತು, ಒಬ್ಬೊಬ್ರೇ ಇರೋರಲ್ಲಿ ನಾಯಿ ಇದ್ದೋರಿಗೆ ಸಾವಿನ ರಿಸ್ಕ್ 33% ಕಮ್ಮಿ ಕಂಡಿತ್ತು. ಆದ್ರೆ ಇದನ್ನ ನಂಬಿ ಕೂರ್ಬೇಡಿ, ಓಡಾಡೋಕೆ ಶಕ್ತಿ ಇರೋರೇ ನಾಯಿ ಸಾಕ್ತಾರಲ್ವಾ ಮೊದ್ಲೇ. ನನ್ನ ಪ್ರಕಾರ ಅಸಲಿ ಔಷಧಿ ಅಂದ್ರೆ ಬೆಳಿಗ್ಗೆ ಯಾರೋ ತನಗೋಸ್ಕರ ಬಾಗಿಲ ಹತ್ರ ಕಾಯ್ತಿದಾರೆ ಅನ್ನೋದು. ಟ್ಯಾಬ್ಲೆಟ್ ಮರೀಬಹುದು, ಅದನ್ನ ಮರೆಯೋಕಾಗಲ್ಲ.

ಇನ್ನು ರೇಬೀಸ್ ಇಂಜೆಕ್ಷನ್ ವರ್ಷ ವರ್ಷ ಮಿಸ್ ಮಾಡ್ಬಾರ್ದು. ಇಂಜೆಕ್ಷನ್ ಆಗಿದ್ರೂ ಹಲ್ಲು ತಾಗಿ ಗಾಯ ಆದ್ರೆ 15 ನಿಮಿಷ ಸೋಪು ಹಾಕಿ ನಲ್ಲಿ ಕೆಳಗೆ ತೊಳ್ದು ಡಾಕ್ಟರ್ ಹತ್ರ ಹೋಗ್ಬೇಕು, ಅರಿಶಿನ ಗಿರಿಶಿನ ಹಚ್ಕೊಂಡು ಕೂರೋದಲ್ಲ. ಉಣ್ಣೆ ಹುಳ ನೋಡ್ಕೋಬೇಕು, ಈರುಳ್ಳಿ ಹಾಕಿದ ಸಾರು, ದ್ರಾಕ್ಷಿ, ಚಾಕಲೇಟ್ ಕೊಡ್ಬಾರ್ದು. ಮತ್ತೆ ನೆಂಟರ ಮದ್ವೆ, ಧರ್ಮಸ್ಥಳ ಅಂತ ಮೂರು ದಿನ ಹೊರಟ್ರೆ ನೋಡ್ಕೊಳ್ಳೋರು ಬೇಕು. ಎಲ್ಲಕ್ಕಿಂತ ಮುಖ್ಯ, ಅಪ್ಪನ್ನ ಕೇಳಿದ್ರಾ?? ಸರ್ಪ್ರೈಸ್ ಕೊಡೋಕೆ ಇದೇನು ಸ್ವೆಟರ್ ಅಲ್ಲ.

ಶಾಸನ_ಪ್ರಿಯ

ಕಹಿ ಬೇವು ಕೊನೇಲಿ ಕೇಳಿದ್ದೇ ಸರಿಯಾದ ಪ್ರಶ್ನೆ. ಸ್ವಲ್ಪ ಆಫ್ ಟಾಪಿಕ್ ಕ್ಷಮಿಸಿ, ನಮ್ಮ ಮಂಡ್ಯ ಜಿಲ್ಲೆ ಆತಕೂರಲ್ಲಿ ಸಿಕ್ಕಿದ ಒಂದು ವೀರಗಲ್ಲು ಇದೆ, ಸುಮಾರು 950ನೇ ಇಸವಿದು, ಈಗ ಬೆಂಗಳೂರು ಮ್ಯೂಸಿಯಂನಲ್ಲಿದೆ. ತಕ್ಕೋಲದಲ್ಲಿ ಚೋಳರ ಮೇಲೆ ಯುದ್ಧ ಗೆದ್ದ ಮೇಲೆ ಮಣಲೇರ ಅನ್ನೋ ವೀರನಿಗೆ ಒಡೆಯ ಮೆಚ್ಚಿ ಏನು ಬೇಕೋ ಕೇಳ್ಕೋ ಅಂದ್ರೆ ಅವ್ನು ಕೇಳಿದ್ದು ಕಾಳಿ ಅನ್ನೋ ನಾಯಿನ. ಆಮೇಲೆ ಆ ಕಾಳಿ ದೊಡ್ಡ ಕಾಡುಹಂದಿ ಜೊತೆ ಕಾದಾಡಿ ಎರಡೂ ಸತ್ತವು, ಅದಕ್ಕೆ ಕಲ್ಲು ನಿಲ್ಸಿ ಪೂಜೆಗೆ ಭೂಮಿನೂ ಬಿಟ್ರು. ನೋಡಿ, ಅವ್ನೇ ಬಾಯ್ಬಿಟ್ಟು ಕೇಳಿ ತಗೊಂಡ ನಾಯಿ ಅದು, ಯಾರೋ ಮಗ ತಂದು ಕೈಗಿಟ್ಟಿದ್ದಲ್ಲ.

ಮೈಸೂರ್_ಮಗ

ಎಲ್ರಿಗೂ ಥ್ಯಾಂಕ್ಸ್. ಮುಧೋಳ ಆಸೆ ಬಿಟ್ಟೆ, ರೈತಣ್ಣಂಗೆ ಸ್ಪೆಷಲ್ ಥ್ಯಾಂಕ್ಸ್.

ನಿನ್ನೆ ಅಪ್ಪನ್ನ ಕೇಳ್ದೆ. ಮೊದ್ಲು "ನಂಗ್ಯಾಕೋ ಈ ವಯಸ್ಸಲ್ಲಿ" ಅಂದ್ರು, ಸರಿ ಬಿಡಿ ಅಂತ ಫೋನ್ ಇಡೋಕೆ ಹೊರಟೆ, ಆಗ ಶುರು ಮಾಡಿದ್ರು ನೋಡಿ. ಕೆ.ಆರ್. ನಗರದ ಹತ್ರ ತಾತನ ತೋಟದಲ್ಲಿ ಕರಿಯ ಅಂತ ಒಂದು ನಾಯಿ ಇತ್ತಂತೆ, ಸ್ಕೂಲಿಗೆ ಹೋಗುವಾಗ ಕಾಲುವೆ ತನಕ ಬಂದು ನಿಲ್ತಿತ್ತಂತೆ, ಸಾಯಂಕಾಲ ಬಂದ್ರೆ ಅದೇ ಜಾಗದಲ್ಲಿ ಕೂತಿರ್ತಿತ್ತಂತೆ. ನಂಗೆ 38 ವರ್ಷ, ಈ ಕಥೆ ಒಂದ್ಸಲನೂ ಕೇಳಿರ್ಲಿಲ್ಲ. ಕಾಲ್ ಲಾಗ್ ನೋಡಿದ್ರೆ 26 ನಿಮಿಷ. ನನ್ನ ಹೆಂಡ್ತಿ ಹತ್ರನೂ ಮಾತಾಡಿದೀನಿ, ಮುಂದೆ ಏನಾದ್ರೂ ಆದ್ರೆ ನಮ್ಮನೇಲೇ ಇರ್ಲಿ ಅಂದ್ಲು.

ಅಪ್ಪ ಇನ್ನೂ ಹೂಂ ಅಂದಿಲ್ಲ. ಆದ್ರೆ ಇವತ್ತು ಬೆಳಿಗ್ಗೆ ಅವ್ರೇ ಫೋನ್ ಮಾಡಿ ಗೇಟಿನ ಕೆಳಗಡೆ ಸಂದಿ ಮುಕ್ಕಾಲು ಅಡಿ ಇದೆ, ಟೇಪ್ ಹಿಡಿದು ನೋಡ್ದೆ, ಜಾಲರಿ ಹಾಕಿಸ್ದೇ ಇದ್ರೆ ನುಸುಳುತ್ತೆ ಅಂದ್ರು. ಮೈಸೂರಲ್ಲಿ ಒಳ್ಳೆ ವೆಲ್ಡಿಂಗ್ ಮಾಡೋರು ಯಾವ ಕಡೆ ಸಿಗ್ತಾರೆ, ಗೊತ್ತಿದ್ರೆ ಹೇಳಿ, ಶನಿವಾರ ಹೋಗ್ತಿದೀನಿ.