ಜಾಹೀರಾತಿನ ಬಿಡ್ ಹಾಕಲು ಆರ್‌ಎಲ್ ಬಳಸಿದವರು ಅನುಭವ ಹೇಳ್ತೀರಾ?

ಪ್ರಶ್ನೆ (ದಾವಣಗೆರೆ, ಅಂಗಡಿಗಳ ಆನ್‌ಲೈನ್ ಜಾಹೀರಾತು ನೋಡಿಕೊಳ್ಳುವವನು)

ನಮಸ್ಕಾರ. ಮಂಡಿಪೇಟೆಯ ಒಂದು ಸೀರೆ ಅಂಗಡಿಗೆ ಗೂಗಲ್, ಇನ್‌ಸ್ಟಾಗ್ರಾಮ್ ಜಾಹೀರಾತು ನಾನೇ ನೋಡಿಕೊಳ್ಳುತ್ತೇನೆ. ದಿನಕ್ಕೆ 1,000 ರೂಪಾಯಿ ಬಜೆಟ್. ಮೂರೋ ನಾಲ್ಕೋ ಆರ್ಡರ್ ಬರುತ್ತವೆ, ಹೆಚ್ಚಿನವು ಕ್ಯಾಶ್ ಆನ್ ಡೆಲಿವರಿ. ರೀಇನ್ಫೋರ್ಸ್‌ಮೆಂಟ್ ಲರ್ನಿಂಗ್ (ಆರ್‌ಎಲ್, ಅಂದರೆ ಪ್ರೋಗ್ರಾಂ ತಾನೇ ಮಾಡಿ ನೋಡಿ, ಒಳ್ಳೆ ಫಲಕ್ಕೆ ಸಿಗುವ ಬಹುಮಾನದ ಅಂಕದಿಂದ ಕಲಿಯುವ ವಿಧಾನ) ಬಳಸಿ ಬಿಡ್, ಅಂದರೆ ಜಾಹೀರಾತಿನ ಜಾಗಕ್ಕೆ ನಾವು ಹಾಕುವ ಬೆಲೆ, ತಾನೇ ಏರಿಳಿಸುವ ಬಾಟ್ ಬರೆದರೆ ಖರ್ಚು ಕಡಿಮೆಯಾಗುತ್ತದೆ ಅಂತ ಗೆಳೆಯ ಹೇಳುತ್ತಿದ್ದಾನೆ. ನನಗೆ ಪೈಥಾನ್ ಬರುತ್ತದೆ. ಆದರೆ ದುಡ್ಡು ಯಜಮಾನರದು, ಅದಕ್ಕೇ ಭಯ. ಮಾಡಿ ನೋಡಿದವರು ಇದ್ದರೆ ದಯವಿಟ್ಟು ಹೇಳಿ.

ಚಿತ್ರದುರ್ಗ, ಕೋಚಿಂಗ್ ಸೆಂಟರ್ ನಡೆಸುವವರು

ನಾನು ಕೈ ಸುಟ್ಟುಕೊಂಡಿದ್ದೇನೆ, ಅದಕ್ಕೇ ಮೊದಲು ಬರೆಯುತ್ತಿದ್ದೇನೆ. ಅಡ್ಮಿಷನ್ ಸಮಯ. ಜಾಹೀರಾತು ಖಾತೆಯಲ್ಲಿ ಆಟೋ ಬಿಡ್ಡಿಂಗ್, ಅಂದರೆ ವೇದಿಕೆಯೇ ಬಿಡ್ ಹಾಕುವ ಸೌಲಭ್ಯ, ಮೊದಲೇ ಆನ್ ಇತ್ತು. ಅದರ ಮೇಲೆ ನನ್ನ ಸ್ಕ್ರಿಪ್ಟ್ ಕೂಡಿಸಿದೆ. ಒಂದು ಎನ್‌ಕ್ವೈರಿಗೆ ಇಷ್ಟು ರೂಪಾಯಿ ಅನ್ನುವ ಗುರಿಯನ್ನು ಅದು ದಿನಾ ಬೆಳಗ್ಗೆ ಬದಲಾಯಿಸುತ್ತಿತ್ತು. ಒಂದೇ ಸ್ಟೀರಿಂಗ್ ಇಬ್ಬರು ಹಿಡಿದ ಹಾಗಾಯಿತು. ಆಟೋ ಬಿಡ್ಡಿಂಗ್ ಕಲಿಯುವಷ್ಟರಲ್ಲಿ ನನ್ನ ಸ್ಕ್ರಿಪ್ಟ್ ಗುರಿ ಬದಲಿಸುತ್ತಿತ್ತು, ಸ್ಕ್ರಿಪ್ಟ್ ಕಲಿಯುವಷ್ಟರಲ್ಲಿ ಆಟೋ ಬಿಡ್ಡಿಂಗ್ ಬದಲಾಗುತ್ತಿತ್ತು. ಸ್ಕ್ರಿಪ್ಟ್ ನಿಲ್ಲಿಸಿ ಹತ್ತು ದಿನ ಏನೂ ಮುಟ್ಟದೆ ಬಿಟ್ಟ ಮೇಲೆ ಖರ್ಚು ಒಂದು ಹದಕ್ಕೆ ಬಂತು.

ದಾವಣಗೆರೆ, ಮೊದಲು ಬೆಂಗಳೂರಿನ ಜಾಹೀರಾತು ಕಂಪನಿಯಲ್ಲಿದ್ದವರು

ತಮ್ಮಾ, ನಾನು ಆರು ವರ್ಷ ಇದೇ ಕೆಲಸ ಮಾಡಿದವಳು. ಆರ್‌ಎಲ್ ಬಿಡ್ಡಿಂಗ್ ಸುಳ್ಳಲ್ಲ. ಚೀನಾದ ಆನ್‌ಲೈನ್ ವ್ಯಾಪಾರದ ಕಂಪನಿ ಅಲಿಬಾಬಾದವರು 2018ರಲ್ಲೇ ಇದನ್ನು ಪ್ರಬಂಧವಾಗಿ ಬರೆದಿದ್ದಾರೆ. ಆದರೆ ಅದು ಎಲ್ಲಿ ಕೆಲಸ ಮಾಡುತ್ತದೆ ಅಂತ ತಿಳಿದುಕೊಂಡರೆ ನಿನಗೆ ಉತ್ತರ ಸಿಗುತ್ತದೆ.

ಯಾರೋ ಒಂದು ಪುಟ ತೆರೆದರೆ ಅಲ್ಲಿನ ಜಾಹೀರಾತಿನ ಜಾಗಕ್ಕೆ ಹರಾಜು ನಡೆದು ಸುಮಾರು 100 ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. ನಮ್ಮಲ್ಲಿ ಒಂದೊಂದು ಹರಾಜಿಗೂ ಆರ್‌ಎಲ್ ತಲೆ ಹಾಕುತ್ತಿರಲಿಲ್ಲ. ನೋಡುವವರು ಕೊಳ್ಳುವ ಸಾಧ್ಯತೆ ಎಷ್ಟು ಅಂತ ಬೇರೊಂದು ಮಾಡೆಲ್ ಅಂದಾಜು ಕೊಡುತ್ತಿತ್ತು. ಅದನ್ನು ಒಂದು ಸಂಖ್ಯೆಯಿಂದ ಗುಣಿಸಿದರೆ ಬಿಡ್. ಆ ಸಂಖ್ಯೆ ಏರಿಸಬೇಕಾ, ಇಳಿಸಬೇಕಾ ಅನ್ನುವುದಷ್ಟೇ ಆರ್‌ಎಲ್ ಕೆಲಸ. 15 ನಿಮಿಷಕ್ಕೊಮ್ಮೆ, ಅಂದರೆ ದಿನಕ್ಕೆ 96 ಸಲ. ಎಷ್ಟು ದುಡ್ಡು ಉಳಿದಿದೆ, ಎಷ್ಟು ಹೊತ್ತು ಉಳಿದಿದೆ, ಈಗ ತಾನೇ ಎಷ್ಟು ಹರಾಜು ಗೆದ್ದೆವು ಅಂತ ನೋಡಿ ತೀರ್ಮಾನ ಮಾಡುತ್ತಿತ್ತು.

ನಮ್ಮ ಮೊದಲ ತಪ್ಪು ಬಹುಮಾನದಲ್ಲೇ ಆಯಿತು. ಖರ್ಚಾದ ಪ್ರತಿ ರೂಪಾಯಿಗೆ ಎಷ್ಟು ಆರ್ಡರ್ ಅನ್ನುವುದನ್ನೇ ಬಹುಮಾನವಾಗಿ ಇಟ್ಟೆವು. ಕೇಳೋಕೆ ಸರಿ ಅನ್ನಿಸುತ್ತದೆ ಅಲ್ವಾ? ಬಾಟ್ ಬೆಳಗ್ಗೆ ಅಗ್ಗದ ನಾಲ್ಕು ಹರಾಜು ಗೆದ್ದು, ಆಮೇಲೆ ಸುಮ್ನೆ ಕೂತುಬಿಟ್ಟಿತು. ಸಂಜೆ ನೋಡಿದರೆ ಬಜೆಟ್ ಹಾಗೇ ಉಳಿದಿತ್ತು. ಅದರ ಲೆಕ್ಕದಲ್ಲಿ ಅದು ಸರಿಯೇ, ಭಾಗಾಕಾರದ ಉತ್ತರ ಚೆನ್ನಾಗಿಯೇ ಬಂದಿತ್ತು. ಬಜೆಟ್ಟಿನೊಳಗೆ ಒಟ್ಟು ಎಷ್ಟು ಮಾರಾಟ ಅಂತ ಬಹುಮಾನ ಬದಲಿಸಿದ ಮೇಲೆ ಸರಿಹೋಯಿತು.

ಎರಡನೇದು ಇನ್ನೂ ದುಬಾರಿ. ಹಳೆಯ ಲಾಗ್‌ಗಳಿಂದ, ಅಂದರೆ ಹಿಂದಿನ ಬಿಡ್‌ಗಳ ದಾಖಲೆಯಿಂದ, ಕಲಿಸಿದೆವು. ಆ ಲಾಗ್‌ಗಳಲ್ಲಿ ದೊಡ್ಡ ಬಿಡ್‌ಗಳೇ ಇರಲಿಲ್ಲ. ನೋಡದ ಜಾಗದಲ್ಲಿ ಮಾಡೆಲ್ ತನಗೆ ತಾನೇ ದೊಡ್ಡ ಆಸೆ ಕಟ್ಟಿಕೊಂಡಿತು. ಲೈವ್ ಬಿಟ್ಟ ಮೊದಲ ದಿನ ಬೆಳಗ್ಗೆ 11ಕ್ಕೆಲ್ಲ ಇಡೀ ದಿನದ ದುಡ್ಡು ಖಾಲಿ! ಆ ಗ್ರಾಹಕರಿಗೆ ಫೋನ್ ಮಾಡಿದ್ದು ನಾನೇ, ಇವತ್ತಿಗೂ ಮರೆತಿಲ್ಲ. ಆಮೇಲೆ ಹಳೆಯ ಬಿಡ್‌ಗಿಂತ ಶೇಕಡಾ 20ಕ್ಕಿಂತ ಆಚೀಚೆ ಹೋಗಬಾರದು ಅಂತ ಬೇಲಿ ಹಾಕಿದೆವು. ಕಾಣದ ಬಿಡ್‌ಗೆ ಕಡಿಮೆ ಬೆಲೆ ಕಟ್ಟುವ ಕನ್ಸರ್ವೇಟಿವ್ ವಿಧಾನಕ್ಕೆ ಬಂದೆವು.

ಈಗ ನಿನ್ನ ಲೆಕ್ಕ. ದಿನಕ್ಕೆ ನಾಲ್ಕು ಆರ್ಡರ್ ಅಂದರೆ ನಾಲ್ಕು ಬಹುಮಾನ. 96 ತೀರ್ಮಾನಗಳಲ್ಲಿ ಯಾವುದರಿಂದ ಆ ನಾಲ್ಕು ಬಂದವು ಅಂತ ಯಾವ ಬಾಟ್ ಕೂಡ ಗುರುತಿಸಲಾರದು. ದೀಪಾವಳಿ, ಮದುವೆ ಸೀಸನ್, ದುಗ್ಗಮ್ಮನ ಜಾತ್ರೆ ಬಂದರಂತೂ ಕಲಿತಿದ್ದೆಲ್ಲ ಹಳತಾಗುತ್ತದೆ. ಇನ್‌ಸ್ಟಾಗ್ರಾಮ್ ನಡೆಸುವ ಮೆಟಾದವರೇ ಒಂದು ಆಡ್ ಸೆಟ್‌ಗೆ (ಒಂದೇ ಬಜೆಟ್, ಒಂದೇ ಗುರಿಯ ಜಾಹೀರಾತುಗಳ ಗುಂಪು) ವಾರಕ್ಕೆ ಸುಮಾರು 50 ಫಲ ಬಂದರೆ ಕಲಿಕೆ ನೆಲೆಗೊಳ್ಳುತ್ತದೆ ಅಂತ ಹೇಳುತ್ತಾರೆ. ನಿನಗೆ ಬರುವುದು 25 ಚಿಲ್ಲರೆ. ಬಾಟ್ ಬರೆಯಬೇಡ. ಮೂರು ನಾಲ್ಕು ಆಡ್ ಸೆಟ್ ಇದ್ದರೆ ಒಂದು ಮಾಡು, ವೇದಿಕೆಯ ಆಟೋ ಬಿಡ್ಡಿಂಗ್‌ಗೇ ಬಿಡು, ದಿನಾ ಮುಟ್ಟಬೇಡ.

ನಿನ್ನ ಕೈಯಲ್ಲಿ ಇರುವುದು ಬಹುಮಾನ. ಕ್ಯಾಶ್ ಆನ್ ಡೆಲಿವರಿ ಆರ್ಡರ್ ಬಂದ ತಕ್ಷಣ ಅದು ಗೆಲುವು ಅಂತ ವೇದಿಕೆಗೆ ಹೋಗುತ್ತಿದೆ. ಬಾಗಿಲಲ್ಲಿ ಬೇಡ ಅಂದು ವಾಪಸ್ ಕಳಿಸಿದ ಸೀರೆಯೂ ಅಲ್ಲಿ ಗೆಲುವೇ. ಆಗ ಅದು ಅಂಥವರನ್ನೇ ಇನ್ನೂ ಹುಡುಕಿ ಹುಡುಕಿ ತರುತ್ತದೆ. ವಾಪಸ್ ಬಂದ ಆರ್ಡರನ್ನು ಲೆಕ್ಕದಿಂದ ತೆಗೆಯುವ ಸೌಲಭ್ಯ ಗೂಗಲ್ ಆಡ್ಸ್‌ನಲ್ಲಿದೆ. ಅದರಲ್ಲಿ ಕೂತು ಕೆಲಸ ಮಾಡು.

ದಾವಣಗೆರೆ, ಎಪಿಎಂಸಿಯಲ್ಲಿ ಮೆಕ್ಕೆಜೋಳದ ವ್ಯಾಪಾರದ ಮನೆಯವರು

ಮೇಡಂ ಹೇಳಿದ್ದಕ್ಕೆ ನಮ್ಮ ಮಂಡಿಯ ಒಂದು ಮಾತು ಸೇರಿಸುತ್ತೇನೆ. ಟೆಂಡರ್‌ನಲ್ಲಿ ಪಕ್ಕದವರು ಎಷ್ಟು ರೇಟು ಹಾಕಿದರು ಅಂತ ಕಾಣುವುದಿಲ್ಲ. ಜಾಸ್ತಿ ಹಾಕಿದವರಿಗೆ ರಾಶಿ, ಹಾಕಿದಷ್ಟೇ ಕೊಡಬೇಕು. ವೆಬ್‌ಸೈಟ್‌ನವರು ಜಾಹೀರಾತಿನ ಜಾಗ ಮಾರಲು ಬಳಸುವ ಗೂಗಲ್‌ನ ಆಡ್ ಮ್ಯಾನೇಜರ್ ಕೂಡ 2019ರಲ್ಲಿ ಇಂಥದ್ದೇ ಫಸ್ಟ್ ಪ್ರೈಸ್ ಪದ್ಧತಿಗೆ ಬಂತು. ಅದಕ್ಕೂ ಮೊದಲು ಗೆದ್ದವರು ಎರಡನೆಯವರ ಬೆಲೆಯ ಹತ್ತಿರ ಕೊಟ್ಟರೆ ಸಾಕಿತ್ತು. ಈಗ ಬಿಡ್‌ ಅನ್ನು ಸ್ವಲ್ಪ ತಗ್ಗಿಸಿ ಹಾಕುವ ಕಲೆ ಬೇಕು.

ಅಪ್ಪ ರೇಟು ಬರೆಯುವ ಮೊದಲು ರಾಶಿಯೊಳಗೆ ಮೊಣಕೈವರೆಗೆ ಕೈ ಹಾಕುತ್ತಾರೆ. ಒಳಗಿನ ನಾಲ್ಕು ಕಾಳು ತೆಗೆದು ಹಲ್ಲಲ್ಲಿ ಕಚ್ಚುತ್ತಾರೆ. ಕಟ್ ಅಂದರೆ ಒಣಗಿದೆ, ಮೆತ್ತಗೆ ಅಂದರೆ ತೇವ. ಮಾಲಿನ ಅಂದಾಜೇ ತಪ್ಪಿದರೆ ರೇಟು ಹಾಕುವ ಜಾಣತನ ಏನೂ ಮಾಡಲಾರದು. ನಿಮ್ಮ ರಿಟರ್ನ್ ಲೆಕ್ಕವೂ ಆ ಕಾಳು ಕಚ್ಚಿ ನೋಡಿದ ಹಾಗೇ ಅಂತ ನನಗೆ ಅನ್ನಿಸುತ್ತದೆ.

ದಾವಣಗೆರೆ, ಇಂಜಿನಿಯರಿಂಗ್ ಕೊನೆ ವರ್ಷ

ಕಲಿಯುವ ಆಸೆ ಇದ್ದರೆ ಬಿಡಬೇಡಿ ಅಣ್ಣ, ಯಜಮಾನರ ದುಡ್ಡಲ್ಲಿ ಮಾತ್ರ ಬೇಡ. ಐಪಿನ್‌ಯೂ ಅನ್ನುವ ಹಳೆಯ ಬಿಡ್ಡಿಂಗ್ ಡೇಟಾ ಸಿಗುತ್ತದೆ. ಅಲಿಬಾಬಾದ ಜಾಹೀರಾತು ವಿಭಾಗ ಅಲಿಮಾಮಾದ ತಂಡ 2024ರಲ್ಲಿ ನ್ಯೂರಿಪ್ಸ್ ಅನ್ನುವ ಎಐ ಸಂಶೋಧನಾ ಸಮ್ಮೇಳನದಲ್ಲಿ ಆಟೋ ಬಿಡ್ಡಿಂಗ್ ಸ್ಪರ್ಧೆ ನಡೆಸಿತ್ತು, ಆಕ್ಷನ್‌ನೆಟ್ ಅಂತ ಅವರ ಹರಾಜಿನ ಸಿಮ್ಯುಲೇಟರ್ ಕೂಡ ಇದೆ. ನಾನು ಪ್ರಾಜೆಕ್ಟ್‌ಗೆ ಡಿಕ್ಯುಎನ್ ಅನ್ನುವ ಆರ್‌ಎಲ್ ವಿಧಾನ ಮಾಡಿದೆ. ಮೊದಲ ಮೂರು ವಾರ ಸಾದಾ ಪಿಐಡಿ ಕಂಟ್ರೋಲರ್‌ನೇ ಸೋಲಿಸಲು ಆಗಲಿಲ್ಲ. ಖರ್ಚು ಮುಂದೆ ಓಡಿದರೆ ಬಿಡ್ ಇಳಿಸು, ಹಿಂದೆ ಬಿದ್ದರೆ ಏರಿಸು, ಅಷ್ಟೇ ಪಿಐಡಿ ಮಾಡುವುದು. ಮೊದಲು ಅದನ್ನು ಬರೆಯಿರಿ.

ಪ್ರಶ್ನೆ ಕೇಳಿದವನು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕಾ, ಇವತ್ತು ಯಜಮಾನರ ಹತ್ತಿರ ಕೇಳಿದೆ. ವಾಪಸ್ ಬಂದ ಸೀರೆಗಳನ್ನು ಅವರು ಉದ್ದನೆ ಪುಸ್ತಕದಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿಟ್ಟಿದ್ದಾರೆ. ಮೂರು ತಿಂಗಳದ್ದಿದೆ. ಎಣಿಸಿದರೆ ನಾಲ್ಕರಲ್ಲಿ ಒಂದು ವಾಪಸ್. ನನಗೆ ಇದು ಗೊತ್ತೇ ಇರಲಿಲ್ಲ. ಎಲ್ಲಿಂದ ಶುರು ಮಾಡಲಿ?

ದಾವಣಗೆರೆ, ಮೊದಲು ಬೆಂಗಳೂರಿನ ಜಾಹೀರಾತು ಕಂಪನಿಯಲ್ಲಿದ್ದವರು

ಆ ಕೆಂಪು ಸಾಲುಗಳಿಂದಲೇ. ಒಂದೊಂದರ ಪಕ್ಕ ಆರ್ಡರ್ ಬಂದ ಗಂಟೆ, ಪಿನ್‌ಕೋಡ್, ಯಾವ ಜಾಹೀರಾತಿನಿಂದ ಬಂತು ಅಂತ ಸೇರಿಸಿ ಶೀಟ್ ಮಾಡು. ಗಿರಾಕಿಗಳ ಹೆಸರು, ಫೋನ್ ನಂಬರ್ ತೆಗೆದುಬಿಡು. ಯಜಮಾನರು ಒಪ್ಪಿದರೆ ಇಲ್ಲಿ ಹಾಕು, ಭಾನುವಾರ ನಾನು ಬಿಡುವಾಗಿದ್ದೇನೆ, ಇಬ್ಬರೂ ಕೂತು ನೋಡೋಣ.